ರಜೆ ಇಲ್ಲದ ಹಬ್ಬ: 'ವ್ಯಾಲೆಂಟೈನ್ಸ್ ಡೇ' ಚಿತ್ರದ ಪ್ರಕರಣ ಅಧ್ಯಯನ

ಪ್ರಕರಣ ಇಷ್ಟು. 2010ರ ಫೆಬ್ರವರಿ 12, ಶುಕ್ರವಾರ, ಅಮೆರಿಕದಲ್ಲಿ 'ವ್ಯಾಲೆಂಟೈನ್ಸ್ ಡೇ' ಅನ್ನುವ ಸಿನಿಮಾ ಬಿಡುಗಡೆಯಾಯಿತು. ನಿರ್ದೇಶನ ಗ್ಯಾರಿ ಮಾರ್ಷಲ್, ಚಿತ್ರಕಥೆ ಕ್ಯಾಥರೀನ್ ಫ್ಯೂಗೇಟ್. ಊರು ಒಂದೇ, ಲಾಸ್ ಏಂಜಲೀಸ್. ದಿನವೂ ಒಂದೇ, ಪ್ರೇಮಿಗಳ ದಿನದ ಬೆಳಗಿನಿಂದ ರಾತ್ರಿಯವರೆಗೆ. ಅದರೊಳಗೆ ಇಪ್ಪತ್ತರ ಹತ್ತಿರ ಹೆಸರಾಂತ ನಟನಟಿಯರು. ಖರ್ಚು ಸುಮಾರು 5.2 ಕೋಟಿ ಡಾಲರ್. ಅಮೆರಿಕದ ಥಿಯೇಟರ್‌ಗಳಿಂದ ಮೊದಲ ಮೂರೇ ದಿನದಲ್ಲಿ ಸುಮಾರು 5.6 ಕೋಟಿ ಡಾಲರ್ ಬಂತು. ಎಲ್ಲ ದೇಶಗಳನ್ನೂ ಸೇರಿಸಿದರೆ ಒಟ್ಟು 21 ಕೋಟಿ ಡಾಲರ್ ದಾಟಿತು. ವಿಮರ್ಶಕರು ಮಾತ್ರ ಒಪ್ಪಲಿಲ್ಲ. ವಿಮರ್ಶೆಗಳನ್ನ ಒಟ್ಟುಹಾಕಿ ಲೆಕ್ಕ ಕೊಡುವ ರಾಟನ್ ಟೊಮ್ಯಾಟೋಸ್ ವೆಬ್‌ಸೈಟ್‌ನಲ್ಲಿ ಮೆಚ್ಚಿದವರ ಪಾಲು ಶೇ 20ನ್ನೂ ಮುಟ್ಟಿಲ್ಲ.

ಇಂಥ ಸಿನಿಮಾಗಳನ್ನ ಜನ ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ. "ಸ್ಟಾರ್‌ಗಳನ್ನ ಗುಡ್ಡೆ ಹಾಕಿದರು, ಹಬ್ಬದ ಹೆಸರು ಇಟ್ಟರು, ದುಡ್ಡು ಮಾಡಿದರು, ಅಷ್ಟೇ." ನನಗೆ ಈ ಮಾತು ಸಾಲದು ಅನ್ನಿಸುತ್ತದೆ. ಇದೇ ನಿರ್ದೇಶಕ, ಇದೇ ಲೇಖಕಿ, ಇಷ್ಟೇ ಸ್ಟಾರ್‌ಗಳು ಮಾರನೇ ವರ್ಷ ಇನ್ನೊಂದು ಹಬ್ಬದ ಮೇಲೆ ಸಿನಿಮಾ ಮಾಡಿದರು. ಅದು ಹೀಗೆ ಓಡಲಿಲ್ಲ. ಅಂದ್ರೆ ಮೊದಲನೆಯದರಲ್ಲಿ ಏನೋ ಒಂದು ಸರಿಯಾಗಿ ಕೂತಿತ್ತು. ಅದು ಏನು ಅಂತ ಹುಡುಕುವುದೇ ಈ ಬರಹದ ಕೆಲಸ. ಕಥೆಯ ಗುಟ್ಟುಗಳೆಲ್ಲ ಇಲ್ಲಿ ಬಯಲಾಗುತ್ತವೆ. ಸಿನಿಮಾ ನೋಡದವರು ನೋಡಿ ಬಂದು ಓದಿದರೆ ಒಳ್ಳೆಯದು.

ಎಲ್ಲರೂ ಕೆಲಸಕ್ಕೆ ಹೋಗುವ ಹಬ್ಬ

ಪ್ರೇಮಿಗಳ ದಿನ ಅಮೆರಿಕದಲ್ಲಿ ಸರ್ಕಾರಿ ರಜೆ ಅಲ್ಲ. ಶಾಲೆ ಇರುತ್ತದೆ, ಆಫೀಸ್ ಇರುತ್ತದೆ, ಆಸ್ಪತ್ರೆ, ವಿಮಾನ, ಟಿವಿ ಚಾನೆಲ್ ಎಲ್ಲ ನಡೆಯುತ್ತಿರುತ್ತವೆ. ಈ ಚಿತ್ರದ ಇಡೀ ಕಟ್ಟಡ ನಿಂತಿರುವುದು ಇದರ ಮೇಲೆ. 2010ರಲ್ಲಿ ಫೆಬ್ರವರಿ 14 ಬಂದದ್ದು ಭಾನುವಾರ. ಆದರೆ ತೆರೆಯ ಮೇಲೆ ಮಕ್ಕಳು ಶಾಲೆಯಲ್ಲಿದ್ದಾರೆ, ಟೀಚರ್ ಪಾಠ ಮಾಡುತ್ತಿದ್ದಾರೆ, ಆಫೀಸ್‌ನಲ್ಲಿ ಟಪಾಲು ವಿಂಗಡಣೆ ನಡೀತಿದೆ. ಕ್ಯಾಲೆಂಡರ್ ಪ್ರಕಾರ ಭಾನುವಾರ ಇಟ್ಟಿದ್ದರೆ ಸಿನಿಮಾನೇ ಇರುತ್ತಿರಲಿಲ್ಲ. ಎಲ್ಲರೂ ಮನೆಯಲ್ಲಿ ಮಲಗಿರುತ್ತಿದ್ದರು.

ಲೆಕ್ಕ ಹಾಕಿ ನೋಡಿ. ಚಿತ್ರದ ಉದ್ದ 125 ನಿಮಿಷ. ಕಥೆಯ ಎಳೆಗಳು ಹತ್ತರ ಹತ್ತಿರ. ಒಂದೊಂದಕ್ಕೆ ಹನ್ನೆರಡು ನಿಮಿಷ ಸಿಕ್ಕರೆ ಹೆಚ್ಚು. ಅಷ್ಟರಲ್ಲಿ ಒಬ್ಬ ಮನುಷ್ಯನನ್ನ ಪರಿಚಯ ಮಾಡಬೇಕು, ಅವನಿಗೆ ಕಷ್ಟ ತರಬೇಕು, ಬಿಡಿಸಬೇಕು, ಮಧ್ಯೆ ನಗಿಸಲೂಬೇಕು. ಅವನ ಬಾಲ್ಯ, ಅಪ್ಪ ಅಮ್ಮ, ಹಳೆಯ ಪ್ರೀತಿ ಅಂತ ಹೇಳಿಕೊಂಡು ಕೂರೋಕೆ ಟೈಮೇ ಇಲ್ಲ. ಆದರೆ ಅವನ ಕೈಯಲ್ಲಿರುವ ಕೆಲಸ ತೋರಿಸಿದರೆ ಅರ್ಧ ಪರಿಚಯ ಮುಗಿಯಿತು. ಒಬ್ಬ ಹೂವಿನ ಅಂಗಡಿಯವನು. ಒಬ್ಬಳು ಶಾಲೆಯ ಟೀಚರ್. ಒಬ್ಬಳು ಸೈನ್ಯದ ಕ್ಯಾಪ್ಟನ್. ಕ್ರೀಡಾ ವರದಿಗಾರನೊಬ್ಬ ಇದ್ದಾನೆ, ಬಾಸ್ ಅವನನ್ನ ಬೀದಿಗೆ ಅಟ್ಟಿ "ಪ್ರೇಮಿಗಳ ದಿನದ ಬಗ್ಗೆ ಜನರ ಮಾತು ತಗೊಂಡು ಬಾ" ಅಂದಿದ್ದಾಳೆ. ಅವನಿಗೆ ಆ ದಿನ ಅಂದ್ರೇನೇ ಆಗದು. ಇಷ್ಟು ಸಾಕು, ಅವನು ಯಾರು ಅಂತ ನಮಗೆ ಗೊತ್ತಾಯಿತು.

ಕೆಲಸದ ಇನ್ನೊಂದು ಉಪಕಾರ ಅಂದ್ರೆ ಗಡುವು. ಶಾಲೆ ಬಿಡುವ ಹೊತ್ತು ಒಂದು. ವಿಮಾನ ಹೊರಡುವ ಹೊತ್ತು ಇನ್ನೊಂದು. ಊಟದ ಬಿಡುವು ಒಬ್ಬಳಿಗೆ, ಪತ್ರಿಕಾಗೋಷ್ಠಿಯ ಸಮಯ ಇನ್ನೊಬ್ಬನಿಗೆ, ರಾತ್ರಿಯ ಪಾರ್ಟಿ ಮತ್ತೊಬ್ಬಳಿಗೆ. ದಿನ ಒಂದೇ ಆದರೂ ಗಡಿಯಾರಗಳು ಹಲವು. ಒಂದು ಎಳೆ ಬಿಸಿಯಾಗುವ ಹೊತ್ತಿಗೆ ಇನ್ನೊಂದು ತಣ್ಣಗಿರುತ್ತದೆ, ಮತ್ತೊಂದು ಈಗಷ್ಟೇ ಶುರುವಾಗಿರುತ್ತದೆ. ನೋಡುವವರಿಗೆ ಉಸಿರು ಸಿಗುತ್ತದೆ. ಈ ಮಾತನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೂವಿನ ಅಂಗಡಿ

ಇಷ್ಟು ಜನರನ್ನ ಒಂದೇ ಕಡೆ ತರಬೇಕು ಅಂದ್ರೆ ಒಂದು ಜಾಗ ಬೇಕು. ಫ್ಯೂಗೇಟ್ ಆರಿಸಿದ್ದು ಹೂವಿನ ಅಂಗಡಿ. ಅಂಗಡಿಯ ಹೆಸರು 'ಸಿಯೆನಾ ಬೊಕೆ', ಮಾಲೀಕ ರೀಡ್, ಪಾತ್ರಧಾರಿ ಆಷ್ಟನ್ ಕಚರ್. ಜೊತೆಗೆ ಕೆಲಸ ಮಾಡುವ ಗೆಳೆಯ ಅಲ್ಫಾನ್ಸೊ, ಅಂದ್ರೆ ಜಾರ್ಜ್ ಲೋಪೆಜ್. ಬೆಳಿಗ್ಗೆ ಎದ್ದ ಕೂಡಲೇ ರೀಡ್ ತನ್ನ ಗೆಳತಿ ಮಾರ್ಲಿಗೆ ಉಂಗುರ ತೋರಿಸಿ "ಮದುವೆಯಾಗೋಣ" ಅನ್ನುತ್ತಾನೆ. ಅವಳು ಹೂಂ ಅನ್ನುತ್ತಾಳೆ. ಆ ಖುಷಿಯಲ್ಲಿ ಅಂಗಡಿಗೆ ಹೋಗುತ್ತಾನೆ. ವರ್ಷದ ಅತಿ ದೊಡ್ಡ ವ್ಯಾಪಾರದ ದಿನ, ಹಾಗಾಗಿ ಬಿಟ್ಟು ಬರೋ ಹಾಗಿಲ್ಲ. ಸ್ವಲ್ಪ ಹೊತ್ತಿಗೆ ಮನೆಗೆ ಬಂದು ನೋಡಿದರೆ ಅವಳು ಪೆಟ್ಟಿಗೆ ಕಟ್ಟುತ್ತಿದ್ದಾಳೆ. ಅಂಥ ದಿನ ಅಂಗಡಿಯವನ ಪಾಡು ಏನಾಗಬೇಕು? ಮನಸ್ಸು ಮುರಿದಿದೆ, ಆದರೆ ಕೈಯಲ್ಲಿ ಊರಿನವರ ಪ್ರೀತಿಯನ್ನೆಲ್ಲ ಕಟ್ಟಿ ಕಳಿಸಬೇಕು. ಈ ಒಂದು ಯೋಚನೆಗೇ ನಾನು ಫ್ಯೂಗೇಟ್‌ಗೆ ಪೂರ್ತಿ ಅಂಕ ಕೊಡುತ್ತೇನೆ.

ಚಿತ್ರದ ಅತ್ಯಂತ ಚೆನ್ನಾಗಿ ಕಟ್ಟಿದ ಸೀನ್ ಕೂಡ ಇದೇ ಅಂಗಡಿಯಲ್ಲಿದೆ. ಒಬ್ಬ ಡಾಕ್ಟರ್ ಬರುತ್ತಾನೆ, ಹ್ಯಾರಿಸನ್, ಪಾತ್ರಧಾರಿ ಪ್ಯಾಟ್ರಿಕ್ ಡೆಂಪ್ಸಿ. ನೋಡೋಕೆ ಸ್ಫುರದ್ರೂಪಿ, ಮಾತು ನಯ. ಎರಡು ಬೊಕೆ ಬೇಕು ಅನ್ನುತ್ತಾನೆ. ಒಂದು ಹೆಂಡತಿಗೆ, ಇನ್ನೊಂದು ಗೆಳತಿಗೆ. ಎರಡೂ ಬೇರೆ ಬೇರೆ ವಿಳಾಸಕ್ಕೆ. ಗುಟ್ಟು ಗುಟ್ಟಾಗಿರಲಿ ಅಂತಲೂ ಕೇಳಿಕೊಳ್ಳುತ್ತಾನೆ. ಆ ಗೆಳತಿ ಜೂಲಿಯಾ, ಪಾತ್ರಧಾರಿ ಜೆನಿಫರ್ ಗಾರ್ನರ್. ಅವಳು ರೀಡ್‌ನ ಆಪ್ತ ಸ್ನೇಹಿತೆ. ತಾನು ಪ್ರೀತಿಸುತ್ತಿರುವವನಿಗೆ ಮದುವೆಯಾಗಿದೆ ಅಂತ ಅವಳಿಗೆ ಗೊತ್ತಿಲ್ಲ. ಆರ್ಡರ್ ಬರೆದುಕೊಳ್ಳುವ ರೀಡ್‌ಗೆ ಮಾತ್ರ ಗೊತ್ತಾಗುತ್ತದೆ.

ಇಲ್ಲಿ ಕಾಕತಾಳೀಯ ಇದೆ, ಇಲ್ಲ ಅನ್ನಲ್ಲ. ಆದರೆ ಅದು ನಂಬುವಂತಿದೆ. ಊರಲ್ಲಿ ಯಾರು ಯಾರಿಗೆ ಹೂ ಕಳಿಸುತ್ತಾರೆ ಅಂತ ಹೂವಿನ ಅಂಗಡಿಯವನಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಅವನ ಆರ್ಡರ್ ಪುಸ್ತಕವೇ ಊರಿನ ಗುಟ್ಟಿನ ಪುಸ್ತಕ. ಗಿರಾಕಿಯ ಗುಟ್ಟು ಕಾಯಬೇಕಾ, ಸ್ನೇಹಿತೆಯನ್ನ ಕಾಯಬೇಕಾ? ಕೆಲಸದ ಧರ್ಮಕ್ಕೂ ಸ್ನೇಹದ ಧರ್ಮಕ್ಕೂ ಜಗಳ. ರೀಡ್ ಅಂಗಡಿ ಬಿಟ್ಟು ವಿಮಾನ ನಿಲ್ದಾಣಕ್ಕೆ ಓಡುತ್ತಾನೆ. ಹ್ಯಾರಿಸನ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇರುತ್ತೇನೆ ಅಂದಿದ್ದಾನೆ, ಅವನಿಗೆ ಅಚ್ಚರಿ ಕೊಡಲು ಜೂಲಿಯಾ ಅಲ್ಲಿಗೆ ಹೊರಟಿದ್ದಾಳೆ. ಪ್ರೇಮಚಿತ್ರಗಳಲ್ಲಿ ವಿಮಾನ ನಿಲ್ದಾಣದ ಓಟ ಹೊಸತಲ್ಲ. ಆದರೆ ಇವನು ಓಡುವುದು "ನಿನ್ನನ್ನ ಪ್ರೀತಿಸುತ್ತೇನೆ" ಅಂತ ಹೇಳೋಕಲ್ಲ, "ಅವನಿಗೆ ಮದುವೆಯಾಗಿದೆ" ಅಂತ ಹೇಳೋಕೆ. ಅವಳು ನಂಬುವುದೂ ಇಲ್ಲ. ಮುಂದೆ ಆಸ್ಪತ್ರೆಗೆ ಹೋಗಿ ನರ್ಸ್‌ಗಳ ಬಾಯಿಂದ ನಿಜ ಕೇಳಿದ ಮೇಲೆ ತಾನೇ ನೋಡಿಕೊಳ್ಳುತ್ತಾಳೆ. ಡಾಕ್ಟರು ಹೆಂಡತಿಯ ಜೊತೆ ಊಟಕ್ಕೆ ಕೂತ ರೆಸ್ಟೋರೆಂಟ್‌ನಲ್ಲಿ ವೆಯಿಟ್ರೆಸ್ ವೇಷ ಹಾಕಿಕೊಂಡು ಅವನ ಟೇಬಲ್ ಮುಂದೆ ನಿಲ್ಲುತ್ತಾಳೆ. ಜೆನಿಫರ್ ಗಾರ್ನರ್ ಅಲ್ಲಿ ನಗಿಸುತ್ತಾ ನಗಿಸುತ್ತಾ ಕರುಳು ಹಿಂಡುತ್ತಾಳೆ.

ನಮ್ಮ ಕಡೆಯ ಓದುಗರಿಗೆ ಹೂವಿನ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸೂರು ಸುತ್ತಮುತ್ತ ಪಾಲಿಹೌಸ್‌ನಲ್ಲಿ ಗುಲಾಬಿ ಬೆಳೆಯುವವರಿಗೆ ಫೆಬ್ರವರಿ 14 ಅಂದ್ರೆ ಸುಗ್ಗಿ. ಡಿಸೆಂಬರ್‌ನಲ್ಲೇ ಗಿಡ ಸವರಿ, ಮೊಗ್ಗು ಸರಿಯಾಗಿ ಆ ವಾರಕ್ಕೆ ಬರುವಂತೆ ನೋಡಿಕೊಳ್ಳುತ್ತಾರೆ. ಜನವರಿ ಕೊನೆಯಿಂದ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಹೂವಿನ ಪೆಟ್ಟಿಗೆಗಳ ಸಾಲು. ಎರಡು ದಿನ ತಡವಾದರೆ ದರ ನೆಲಕಚ್ಚುತ್ತದೆ. ಅಮೆರಿಕದ ಅಂಗಡಿಗಳಿಗೆ ಹೂ ಬಹುಪಾಲು ಬರುವುದು ಕೊಲಂಬಿಯಾ ಮತ್ತು ಈಕ್ವೆಡಾರ್‌ನಿಂದ. ಚಿತ್ರ ಅಷ್ಟು ಹಿಂದಕ್ಕೆ ಹೋಗುವುದಿಲ್ಲ. ಆದರೂ "ಇವತ್ತೇ ಆಗಬೇಕು, ನಾಳೆ ಆದರೆ ಪ್ರಯೋಜನ ಇಲ್ಲ" ಅನ್ನುವ ಒತ್ತಡ ಅದರಲ್ಲಿ ಚೆನ್ನಾಗಿ ಇಳಿದಿದೆ.

ಎಡಿಸನ್‌ನ ಹೂ

ಆ ಒತ್ತಡವನ್ನ ಹೊತ್ತಿರುವವನು ಒಬ್ಬ ಪುಟ್ಟ ಹುಡುಗ. ಹೆಸರು ಎಡಿಸನ್. ಶಾಲೆಯಲ್ಲಿ ಇರುವ ಒಬ್ಬರಿಗೆ ಹೂ ಕಳಿಸಬೇಕು ಅಂತ ತನ್ನ ಪುಡಿಗಾಸು ಹಿಡಿದು ರೀಡ್‌ನ ಅಂಗಡಿಗೆ ಬರುತ್ತಾನೆ. ಹೂ ಹೊತ್ತಿಗೆ ಸರಿಯಾಗಿ ತಲುಪುವುದಿಲ್ಲ. ಹುಡುಗ ಬಿಡುವವನಲ್ಲ. ದುಡ್ಡು ಕೊಟ್ಟಿದ್ದೇನೆ, ಇವತ್ತೇ ಕೊಡಬೇಕು ಅಂತ ಹಟ. ದೊಡ್ಡವರೆಲ್ಲ ಪ್ರೀತಿಯ ಬಗ್ಗೆ ಗೊಂದಲದಲ್ಲಿ ಬಿದ್ದಿರುವಾಗ ಇವನೊಬ್ಬನಿಗೆ ಮಾತ್ರ ತನಗೆ ಏನು ಬೇಕು ಅಂತ ಸ್ಪಷ್ಟ ಇದೆ.

ಆ ಹೂ ಯಾರಿಗೆ ಅಂತ ಚಿತ್ರ ಬಹಳ ಹೊತ್ತು ಹೇಳುವುದಿಲ್ಲ. ಯಾವುದೋ ಪುಟ್ಟ ಹುಡುಗಿ ಇರಬೇಕು ಅಂತ ನಾವು ಅಂದುಕೊಂಡಿರುತ್ತೇವೆ. ಹೂ ಇರುವುದು ಅವನ ಟೀಚರ್‌ಗೆ, ಅಂದ್ರೆ ಜೂಲಿಯಾಗೆ! ಬೆಳಿಗ್ಗೆಯಿಂದ ಮೋಸ ಹೋಗಿ ನೊಂದಿರುವ ಜೂಲಿಯಾಗೆ ಆ ದಿನ ಸಿಗುವ ಒಂದೇ ಒಂದು ಕಲ್ಮಶವಿಲ್ಲದ ಹೂ ಇದು. ಅವಳು ಅದನ್ನ ನಗಾಡುವುದಿಲ್ಲ, ತಳ್ಳುವುದೂ ಇಲ್ಲ. ನಿನ್ನ ತರಗತಿಯಲ್ಲೇ ನಿನ್ನನ್ನ ಇಷ್ಟಪಡುವ ಒಬ್ಬಳು ಇದ್ದಾಳೆ, ಅವಳಿಗೆ ಕೊಡು ಅಂತ ಮೆಲ್ಲಗೆ ದಾರಿ ತೋರಿಸುತ್ತಾಳೆ. ಆ ಹುಡುಗಿ ರಾಣಿ, ಭಾರತ ಮೂಲದ ಮಗು. ಬಾಲನಟಿ ಮೇಗನ್ ಸೂರಿ ಆ ಪಾತ್ರ ಮಾಡಿದ್ದಾಳೆ. ಒಂದೇ ಗೊಂಚಲು ಹೂ ಹುಡುಗನಿಂದ ಹೊರಟು, ಅಂಗಡಿ ದಾಟಿ, ಟೀಚರ್ ಹತ್ತಿರ ಬಂದು, ಇನ್ನೊಂದು ಮಗುವಿನ ಕೈ ಸೇರುತ್ತದೆ. ಇಷ್ಟು ಜನರ ಕಥೆಯನ್ನ ಒಂದು ವಸ್ತು ಕೈಯಿಂದ ಕೈಗೆ ಹೋಗುತ್ತಾ ಹೊಲಿಯುವುದಿದೆಯಲ್ಲ, ಅದು ಬಹುತಾರಾ ಚಿತ್ರಕಥೆಯ ನಿಜವಾದ ಕಸುಬು.

ವಿಮಾನದ ಎರಡು ಸೀಟು

14 ಗಂಟೆಯ ವಿಮಾನ ಪ್ರಯಾಣ. ಅಕ್ಕಪಕ್ಕದ ಸೀಟಿನಲ್ಲಿ ಜೂಲಿಯಾ ರಾಬರ್ಟ್ಸ್ ಮತ್ತು ಬ್ರಾಡ್ಲಿ ಕೂಪರ್. ಅವಳು ಸೈನ್ಯದ ಕ್ಯಾಪ್ಟನ್ ಕೇಟ್, ಮೈಮೇಲೆ ಯೂನಿಫಾರ್ಮ್, ಒಂದೇ ಒಂದು ದಿನದ ರಜೆಗೆ ಅಷ್ಟು ದೂರದಿಂದ ಬರುತ್ತಿದ್ದಾಳೆ. ಅವನು ಹೋಲ್ಡನ್. ನಿದ್ದೆಯಲ್ಲಿ ಅವಳ ತಲೆ ಅವನ ಹೆಗಲಿಗೆ ವಾಲುತ್ತದೆ. ಮಾತು, ನಗು, ಸ್ವಲ್ಪ ಸಲುಗೆ. ಪ್ರೇಮಿಗಳ ದಿನದ ಸಿನಿಮಾದಲ್ಲಿ ಇಂಥ ಇಬ್ಬರು ಸ್ಟಾರ್‌ಗಳು ಪಕ್ಕಪಕ್ಕ ಕೂತರೆ ಏನಾಗುತ್ತದೆ ಅಂತ ಪ್ರೇಕ್ಷಕ ಮೊದಲೇ ತೀರ್ಮಾನ ಮಾಡಿಬಿಟ್ಟಿರುತ್ತಾನೆ. ಚಿತ್ರಕಥೆ ಆ ತೀರ್ಮಾನವನ್ನೇ ಬಳಸಿಕೊಂಡಿದೆ.

ಕೇಟ್ ಬರುತ್ತಿರುವುದು ತನ್ನ ಮಗನನ್ನ ನೋಡೋಕೆ. ಆ ಮಗನೇ ಎಡಿಸನ್. ವಿಮಾನ ಇಳಿದ ಮೇಲೆ ಹೋಲ್ಡನ್ ತನ್ನ ಕಾರನ್ನ ಅವಳಿಗೆ ಬಿಟ್ಟುಕೊಡುತ್ತಾನೆ, ಅವಳಿಗೆ ಮನೆಯಲ್ಲಿ ಕಳೆಯೋಕೆ ಇರುವ ಹೊತ್ತೇ ಅಷ್ಟು ಕಡಿಮೆ. ರಾತ್ರಿ ಅವಳು ಮನೆ ಬಾಗಿಲಿಗೆ ಬಂದು ಮಗನನ್ನ ತಬ್ಬಿಕೊಂಡಾಗ, ಇಡೀ ದಿನ ಆ ಹುಡುಗ ಯಾಕೆ ಅಷ್ಟು ಹಟ ಮಾಡಿದ, ಯಾಕೆ ಟೀಚರ್‌ಗೆ ಅಷ್ಟು ಅಂಟಿಕೊಂಡ ಅಂತ ಒಂದೇ ಏಟಿಗೆ ಅರ್ಥವಾಗುತ್ತದೆ. ಅಮ್ಮ ಇಲ್ಲದ ಮನೆಯ ಮಗು ಅದು. ಇಲ್ಲಿ ಯಾರೂ ಏನೂ ವಿವರಿಸುವುದಿಲ್ಲ. ವಿವರಿಸಿದ್ದರೆ ಕೆಟ್ಟುಹೋಗುತ್ತಿತ್ತು. ನನಗೆ ಇಡೀ ಚಿತ್ರದಲ್ಲಿ ಅತ್ಯಂತ ಇಷ್ಟವಾದ ಜಾಗ ಇದೇ.

ಹೋಲ್ಡನ್‌ನ ಕಥೆಗೂ ಇಂಥದೇ ಒಂದು ತಿರುವು. ಅವನು ಹೋಗುವುದು ತನ್ನ ಪ್ರೇಮಿ ಶಾನ್ ಜಾಕ್ಸನ್ ಮನೆಗೆ. ಶಾನ್ ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಆಟಗಾರ, ಪಾತ್ರಧಾರಿ ಎರಿಕ್ ಡೇನ್. ಆ ದಿನವೇ ಪತ್ರಿಕಾಗೋಷ್ಠಿ ಕರೆದು ತಾನು ಸಲಿಂಗಪ್ರೇಮಿ ಅಂತ ಹೇಳಿಕೊಂಡಿದ್ದಾನೆ. 2010ರಲ್ಲಿ ಇದು ತೆರೆಯ ಮೇಲಿನ ಕಲ್ಪನೆ ಮಾತ್ರ. ನ್ಯಾಷನಲ್ ಫುಟ್‌ಬಾಲ್ ಲೀಗ್‌ನಲ್ಲಿ ಆಡುತ್ತಿರುವಾಗಲೇ ಹಾಗೆ ಹೇಳಿಕೊಂಡ ಮೊದಲ ಆಟಗಾರ ಕಾರ್ಲ್ ನಾಸಿಬ್, ಅದು 2021ರ ಜೂನ್‌ನಲ್ಲಿ. ಇಂಥ ಮಾತನ್ನ ಹಗುರ ಹಾಸ್ಯದ ಚಿತ್ರವೊಂದು ಹನ್ನೊಂದು ವರ್ಷ ಮೊದಲೇ, ಹಾಸ್ಯದ ವಸ್ತು ಮಾಡದೆ, ಗೌರವದಿಂದ ಹೇಳಿತು ಅನ್ನುವುದು ಸಣ್ಣ ಸಂಗತಿ ಅಲ್ಲ. ಆದರೆ ಆ ಇಬ್ಬರಿಗೆ ತೆರೆಯ ಮೇಲೆ ಒಟ್ಟಿಗೆ ಸಿಕ್ಕಿದ್ದು ಕ್ಷಣಗಳು ಮಾತ್ರ. ಬೇರೆ ಜೋಡಿಗಳಿಗೆ ಸಿಕ್ಕ ಜಗಳ, ರಾಜಿ, ತಮಾಷೆ ಯಾವುದೂ ಇವರಿಗೆ ಇಲ್ಲ. ಇಲ್ಲಿ ಚಿತ್ರ ಧೈರ್ಯ ತೋರಿಸಿ ಅರ್ಧದಲ್ಲೇ ಹಿಂದೆ ಸರಿದಿದೆ.

ಎಲ್ಲಿ ಸೋತಿತು

ಎಲ್ಲ ಎಳೆಗಳೂ ಇಷ್ಟು ಗಟ್ಟಿ ಇಲ್ಲ. ಜೆಸ್ಸಿಕಾ ಬೀಲ್ ಮಾಡಿದ ಕಾರಾಳ ಪಾತ್ರ ನೋಡಿ. ಶಾನ್‌ನ ಪ್ರಚಾರದ ಕೆಲಸ ನೋಡಿಕೊಳ್ಳುವವಳು. ಪ್ರತಿ ವರ್ಷ ಪ್ರೇಮಿಗಳ ದಿನವನ್ನ ದ್ವೇಷಿಸುವವರಿಗೆ ಅಂತಲೇ ಒಂದು ಪಾರ್ಟಿ ಇಡುತ್ತಾಳೆ, ಅದೂ ಒಂದು ಇಂಡಿಯನ್ ರೆಸ್ಟೋರೆಂಟ್‌ನಲ್ಲಿ. ಯೋಚನೆ ಚೆನ್ನಾಗಿದೆ. ಆದರೆ ಅಷ್ಟು ಚೆಲುವೆ, ಅಷ್ಟು ಚುರುಕಿನವಳು ಯಾಕೆ ಒಂಟಿ ಅನ್ನುವುದಕ್ಕೆ ಚಿತ್ರದಲ್ಲಿ ಉತ್ತರ ಇಲ್ಲ. ಚಾಕೊಲೇಟ್ ತಿಂದು ಗೊಣಗುವುದಷ್ಟೇ ಅವಳ ದುಃಖಕ್ಕೆ ಸಾಕ್ಷಿ. ಆಗಲೇ ಹೇಳಿದ ವರದಿಗಾರ, ಜೇಮಿ ಫಾಕ್ಸ್ ಮಾಡಿದ ಕೆಲ್ವಿನ್, ಅವಳಿಗೆ ಜೋಡಿಯಾಗುತ್ತಾನೆ. ಇಬ್ಬರೂ ಈ ದಿನವನ್ನ ದ್ವೇಷಿಸುತ್ತಾರೆ, ಆದ್ದರಿಂದ ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ. ಲೆಕ್ಕ ಸರಿ, ಆದರೆ ಜೀವ ಇಲ್ಲ.

ಕಾಲೇಜಿಗೂ ಕಾಲಿಡದ ಹುಡುಗ ಹುಡುಗಿಯರ ಎರಡು ಎಳೆಗಳೂ ತೆಳು. ಗಾಯಕಿ ಟೇಲರ್ ಸ್ವಿಫ್ಟ್ ನಟಿಯಾಗಿ ಪಾತ್ರ ಮಾಡಿದ ಮೊದಲ ಚಿತ್ರ ಇದು. ಟೇಲರ್ ಲಾಟ್ನರ್ ಜೊತೆ ಹೈಸ್ಕೂಲ್ ಜೋಡಿ. ದೊಡ್ಡ ಬಿಳಿ ಟೆಡ್ಡಿ ಕರಡಿಯನ್ನ ಹೊತ್ತುಕೊಂಡು ಓಡಾಡುತ್ತಾ ನಗಿಸುತ್ತಾಳೆ, ನಿಜ. ಆದರೆ ಇಬ್ಬರಿಗೂ ಆ ದಿನ ಕಳೆದುಕೊಳ್ಳುವುದು ಏನೂ ಇಲ್ಲ. ಗಡುವು ಇಲ್ಲ, ಅಡ್ಡಿ ಇಲ್ಲ. ಕಥೆ ಇಲ್ಲದ ಕಡೆ ಸ್ಟಾರ್‌ನ ಮುಖವನ್ನ ನಿಲ್ಲಿಸಿದರೆ ಹೀಗೇ ಆಗುವುದು. ಎಮ್ಮಾ ರಾಬರ್ಟ್ಸ್ ಮಾಡಿದ ಗ್ರೇಸ್‌ಗಾದರೂ ಊಟದ ಬಿಡುವಿನ ಗಡುವು ಇದೆ. ಆ ಅರ್ಧ ಗಂಟೆಯಲ್ಲಿ ತನ್ನ ಹುಡುಗನ ಜೊತೆ ಗುಟ್ಟಾಗಿ ಸೇರುವ ಅವಳ ಯೋಜನೆ ಹುಡುಗಿಯ ಅಮ್ಮನ ಕೈಗೆ ಸಿಕ್ಕಿಬಿದ್ದು ನಗೆಪಾಟಲಾಗುತ್ತದೆ. ಗಡುವು ಇದ್ದ ಕಡೆ ನಗುವೂ ಇದೆ ಅನ್ನುವುದು ಇಲ್ಲೂ ಕಾಣುತ್ತದೆ.

ಸ್ಮಶಾನದಲ್ಲಿ ಒಂದು ಸಿನಿಮಾ

ಜೇಸನ್ ಮತ್ತು ಲಿಜ್ ಹೊಸ ಜೋಡಿ. ಟೋಫರ್ ಗ್ರೇಸ್, ಆನ್ ಹ್ಯಾಥವೇ. ಇಬ್ಬರೂ ಒಂದೇ ಆಫೀಸ್. ಅವನು ಟಪಾಲು ವಿಭಾಗದಲ್ಲಿ, ಅವಳು ರಿಸೆಪ್ಷನಿಸ್ಟ್. ಪ್ರೀತಿ ಶುರುವಾಗಿ ಹೆಚ್ಚು ದಿನ ಆಗಿಲ್ಲ. ಲಿಜ್‌ಗೆ ಇನ್ನೊಂದು ಕೆಲಸ ಇದೆ. ಸಾಲ ತೀರಿಸೋಕೆ ಫೋನಿನಲ್ಲಿ ಗಂಡಸರ ಜೊತೆ ಪೋಲಿ ಮಾತಾಡಿ ದುಡ್ಡು ಗಳಿಸುತ್ತಾಳೆ. ಆಫೀಸ್ ಮೂಲೆಯಲ್ಲಿ ನಿಂತು, ಒಂದು ಕ್ಷಣ ರಷ್ಯನ್ ಧಾಟಿ, ಇನ್ನೊಂದು ಕ್ಷಣ ಇನ್ನೇನೋ ಧಾಟಿ ಹಿಡಿದು ಮಾತಾಡುವ ಹ್ಯಾಥವೇ ಈ ಚಿತ್ರದ ನಗುವಿನ ದೊಡ್ಡ ಪಾಲು ಹೊತ್ತಿದ್ದಾಳೆ. ಗೊತ್ತಾದಾಗ ಜೇಸನ್‌ಗೆ ಸಹಿಸೋಕೆ ಆಗುವುದಿಲ್ಲ, ಎದ್ದು ಹೋಗುತ್ತಾನೆ.

ಇನ್ನೊಂದು ತುದಿಯಲ್ಲಿ ಹಳೆಯ ಜೋಡಿ, ಎಡ್ಗರ್ ಮತ್ತು ಎಸ್ಟೆಲ್. ಹೆಕ್ಟರ್ ಎಲಿಜಾಂಡೊ, ಶರ್ಲಿ ಮೆಕ್ಲೇನ್. ಇವರು ಎಡಿಸನ್‌ನ ಅಜ್ಜ ಅಜ್ಜಿ. ಮತ್ತೊಮ್ಮೆ ಮದುವೆಯ ಮಾತು ಕೊಟ್ಟುಕೊಳ್ಳಬೇಕು ಅಂತ ಇಬ್ಬರಿಗೂ ಆಸೆ. ಅಷ್ಟರಲ್ಲಿ ಎಸ್ಟೆಲ್ ಎಷ್ಟೋ ವರ್ಷದ ಹಿಂದಿನ ಒಂದು ಸಂಬಂಧವನ್ನ, ಅದೂ ಗಂಡನ ವ್ಯಾಪಾರದ ಪಾಲುದಾರನ ಜೊತೆಗಿನದು, ಬಾಯಿಬಿಟ್ಟು ಹೇಳಿಬಿಡುತ್ತಾಳೆ. ಮುದುಕನ ಮುಖ ನೋಡಬೇಕು. ಕೂಗಾಟ ಇಲ್ಲ, ರಂಪ ಇಲ್ಲ. ಬದುಕಿನ ಲೆಕ್ಕವೆಲ್ಲ ಮತ್ತೆ ಮೊದಲಿನಿಂದ ಹಾಕಬೇಕಾದವನ ಮುಖ ಅದು.

ಇವರಿಬ್ಬರು ರಾಜಿಯಾಗುವ ಜಾಗ ಹಾಲಿವುಡ್ ಫಾರೆವರ್ ಸ್ಮಶಾನ. ಕಲ್ಪಿಸಿದ್ದಲ್ಲ, ಲಾಸ್ ಏಂಜಲೀಸ್‌ನಲ್ಲಿ ನಿಜವಾಗ್ಲೂ ಇರುವ ಜಾಗ. ಹಳೆಯ ತಾರೆಯರ ಸಮಾಧಿಗಳಿರುವ ಆ ಹಸಿರು ಅಂಗಳದಲ್ಲಿ ಬಯಲು ಸಿನಿಮಾ ತೋರಿಸುವ ರೂಢಿ ಇದೆ. ಜನ ಹುಲ್ಲಿನ ಮೇಲೆ ಚಾಪೆ ಹಾಸಿ ಕೂತು ನೋಡುತ್ತಾರೆ. ಆ ರಾತ್ರಿ ತೆರೆಯ ಮೇಲೆ ಓಡುತ್ತಿರುವುದು 1958ರ 'ಹಾಟ್ ಸ್ಪೆಲ್', ಅದರಲ್ಲಿ ಇರುವುದು ಇಪ್ಪತ್ತರ ಹರೆಯದ ಶರ್ಲಿ ಮೆಕ್ಲೇನ್. ಮುಂದೆ ಎಪ್ಪತ್ತೈದರ ಮೆಕ್ಲೇನ್ ಗಂಡನ ಕ್ಷಮೆ ಕೇಳುತ್ತಾ ನಿಂತಿದ್ದಾಳೆ, ಹಿಂದೆ ಅದೇ ಮುಖ ಐವತ್ತು ವರ್ಷ ಚಿಕ್ಕದಾಗಿ, ಕಪ್ಪು ಬಿಳುಪಿನಲ್ಲಿ. ಒಬ್ಬರನ್ನ ಪ್ರೀತಿಸುವುದು ಅಂದ್ರೆ ಅವರ ಒಳ್ಳೆಯದನ್ನಷ್ಟೇ ಆರಿಸಿಕೊಳ್ಳುವುದಲ್ಲ ಅನ್ನುವ ಮಾತು ಅಲ್ಲಿ ಬರುತ್ತದೆ. ಆ ಚಿತ್ರದ ಎದುರು ನಿಂತು ಹೇಳಿದ್ದರಿಂದ ಆ ಮಾತಿಗೆ ತೂಕ ಬಂತು. ಬರೇ ಬಾಯಿಮಾತಾಗಿದ್ದರೆ ಬರುತ್ತಿರಲಿಲ್ಲ.

ಜನರ ಮಧ್ಯೆ ಜೇಸನ್ ಕೂಡ ಇದ್ದಾನೆ. ಮುದುಕ ತನ್ನ ಹೆಂಡತಿಯನ್ನ ಕ್ಷಮಿಸುವುದನ್ನ ನೋಡುತ್ತಾನೆ. ಇಷ್ಟು ದೊಡ್ಡ ನೋವನ್ನ ಇವನು ನುಂಗಿದ, ನನಗೆ ಒಂದು ಫೋನ್ ಕೆಲಸ ನುಂಗೋಕೆ ಆಗಲಿಲ್ಲವೇ? ಅವನು ಹಾಗೆ ಬಾಯಿಬಿಟ್ಟು ಹೇಳುವುದಿಲ್ಲ. ಎದ್ದು ಲಿಜ್ ಕಡೆ ಹೋಗುತ್ತಾನೆ. ಎರಡು ಎಳೆ ಸೇರಿಸೋಕೆ "ಅವನು ಇವನ ತಮ್ಮ, ಇವಳು ಅವಳ ಗೆಳತಿ" ಅಂತ ನೆಂಟಸ್ತಿಕೆ ಹಚ್ಚುವುದು ಸುಲಭ. ಒಬ್ಬನ ಬದುಕನ್ನ ಇನ್ನೊಬ್ಬ ಸುಮ್ನೆ ನಿಂತು ನೋಡಿ ಬದಲಾಗುವುದು ಅದಕ್ಕಿಂತ ಎಷ್ಟೋ ಪಾಲು ಮೇಲು.

ಮಾರ್ಷಲ್ ಮತ್ತು ಕ್ಯಾಲೆಂಡರ್

ಗ್ಯಾರಿ ಮಾರ್ಷಲ್ ಟಿವಿಯಿಂದ ಬಂದವರು. 1974ರಲ್ಲಿ ಶುರುವಾದ 'ಹ್ಯಾಪಿ ಡೇಸ್' ಅವರದೇ ಸೃಷ್ಟಿ. ವಾರಕ್ಕೊಂದು ಕಂತಿನಲ್ಲಿ ಬಹಳ ಪಾತ್ರಗಳನ್ನ ಸಂಭಾಳಿಸಿ ರೂಢಿ ಇದ್ದವರಿಗೆ ಹನ್ನೆರಡು ನಿಮಿಷದ ಎಳೆ ಕಷ್ಟದ್ದಲ್ಲ. ತಮ್ಮ ನಟರನ್ನ ಬಿಡದೆ ಜೊತೆಗೆ ಇಟ್ಟುಕೊಂಡವರು ಕೂಡ. ಎಲಿಜಾಂಡೊ ಅವರ ಎಲ್ಲ ಚಿತ್ರಗಳಲ್ಲೂ ಇದ್ದಾರೆ. ಜೂಲಿಯಾ ರಾಬರ್ಟ್ಸ್ 1990ರ 'ಪ್ರೆಟಿ ವುಮನ್'ನಿಂದ, ಹ್ಯಾಥವೇ 2001ರ 'ದಿ ಪ್ರಿನ್ಸೆಸ್ ಡೈರೀಸ್'ನಿಂದ ಅವರ ಬಳಗ. ಇಷ್ಟು ದೊಡ್ಡ ಹೆಸರುಗಳು ಇಷ್ಟು ಸಣ್ಣ ಪಾತ್ರಕ್ಕೆ ಒಪ್ಪಿದ್ದರಲ್ಲಿ ಈ ನಂಟಿನ ಪಾಲೂ ಇದೆ ಅಂತ ನಾನು ಅಂದುಕೊಂಡಿದ್ದೇನೆ.

ಇನ್ನು ದುಡ್ಡಿನ ವಿಷಯ. ಬಿಡುಗಡೆ ಶುಕ್ರವಾರ, ಪ್ರೇಮಿಗಳ ದಿನ ಭಾನುವಾರ, ಸೋಮವಾರ ಅಧ್ಯಕ್ಷರ ದಿನದ ಸರ್ಕಾರಿ ರಜೆ. ಇದಕ್ಕಿಂತ ಒಳ್ಳೆಯ ವಾರ ಸಿಗುವುದು ಕಷ್ಟ. ಆದರೆ ದಿನದ ಹೆಸರಿನಲ್ಲಿ ಬಂದದ್ದು ದಿನದ ಜೊತೆಗೇ ಹೋಗುತ್ತದೆ. ಎರಡನೇ ವಾರಾಂತ್ಯದ ಗಳಿಕೆ ಮೊದಲನೆಯದರ ಮೂರನೇ ಒಂದು ಭಾಗಕ್ಕಿಂತ ಕೆಳಗೆ ಇಳಿಯಿತು. ಆ ವಾರ ಮೇಲೆ ಬಂದದ್ದು 'ಶಟರ್ ಐಲ್ಯಾಂಡ್'. 15ನೇ ತಾರೀಕಿನ ಗುಲಾಬಿಯನ್ನ ಯಾರೂ ಕೊಳ್ಳುವುದಿಲ್ಲ, ಅಲ್ವಾ?

ಮಾರ್ಷಲ್ ಮತ್ತು ಫ್ಯೂಗೇಟ್ 2011ರ ಡಿಸೆಂಬರ್‌ನಲ್ಲಿ 'ನ್ಯೂ ಇಯರ್ಸ್ ಈವ್' ತಂದರು. ಖರ್ಚು ಸುಮಾರು 5.6 ಕೋಟಿ ಡಾಲರ್, ಸ್ಟಾರ್‌ಗಳಿಗೆ ಕೊರತೆ ಇಲ್ಲ, ಊರು ನ್ಯೂಯಾರ್ಕ್. ಜಗತ್ತಿನಾದ್ಯಂತ ಬಂದದ್ದು ಸುಮಾರು 14 ಕೋಟಿ. ಅಮೆರಿಕದಲ್ಲಂತೂ ಮೊದಲಿನದರ ಅರ್ಧವೇ. ಅಲ್ಲೂ ಪಾತ್ರಗಳಿಗೆ ಕೆಲಸ ಇದೆ, ನರ್ಸ್ ಇದ್ದಾಳೆ, ಅಡುಗೆಯವಳು ಇದ್ದಾಳೆ, ಕೊರಿಯರ್ ಹುಡುಗ ಇದ್ದಾನೆ. ಆದರೆ ಗಡಿಯಾರ ಒಂದೇ. ಎಲ್ಲರೂ ಕಾಯುವುದು ರಾತ್ರಿ 12ಕ್ಕೆ, ಹೊಸ ವರ್ಷ ಸಾರೋಕೆ ಟೈಮ್ಸ್ ಸ್ಕ್ವೇರ್ ಚೌಕದಲ್ಲಿ ದೀಪದ ಚೆಂಡು ಇಳಿಯುವ ಕ್ಷಣಕ್ಕೆ. ಎಲ್ಲ ಎಳೆಗಳೂ ಅದೇ ಬಾಗಿಲಲ್ಲಿ ಒಟ್ಟಿಗೆ ನುಗ್ಗಿ ಸಿಕ್ಕಿಹಾಕಿಕೊಳ್ಳುತ್ತವೆ. ಮೊದಲ ಚಿತ್ರದಲ್ಲಿ ಊಟದ ಹೊತ್ತಿಗೆ ಒಂದು, ಸಂಜೆಗೆ ಒಂದು, ರಾತ್ರಿಗೆ ಒಂದು ಅಂತ ಬಿಡಿಬಿಡಿಯಾಗಿ ತೆರೆದುಕೊಂಡದ್ದು ಇಲ್ಲಿ ಆಗಲಿಲ್ಲ. 2016ರಲ್ಲಿ ಬಂದ 'ಮದರ್ಸ್ ಡೇ' ಮಾರ್ಷಲ್ ಅವರ ಕೊನೆಯ ಚಿತ್ರ. ಅದೇ ವರ್ಷ ಜುಲೈ 19ಕ್ಕೆ ಅವರು ತೀರಿಕೊಂಡರು. ಅಮೆರಿಕದ ಅಮ್ಮಂದಿರ ದಿನ ಯಾವಾಗಲೂ ಮೇ ತಿಂಗಳ ಎರಡನೇ ಭಾನುವಾರ. ಕೆಲಸ ಇಲ್ಲದ ದಿನ. ಕಥೆಯನ್ನ ದಿನದ ಹಿಂದಿನ ವಾರಕ್ಕೆ ಎಳೆಯಬೇಕಾಯಿತು, ಒತ್ತಡ ಹೋಯಿತು.

ನಮ್ಮಲ್ಲಿ ಇದನ್ನ ಮಾಡಬಹುದಾ?

ಕನ್ನಡದಲ್ಲಿ ಹಲವು ಕಥೆಗಳ ಸಿನಿಮಾ ಹೊಸದಲ್ಲ. ಪುಟ್ಟಣ್ಣ ಕಣಗಾಲ್ 1976ರಲ್ಲೇ 'ಕಥಾಸಂಗಮ' ಮಾಡಿದರು, ಮೂರು ಕಥೆ. 2019ರಲ್ಲಿ ಅದೇ ಹೆಸರಿನಲ್ಲಿ ಏಳು ಕಥೆಗಳ ಚಿತ್ರ ಬಂತು. ಆದರೆ ಅವು ಒಂದಾದ ಮೇಲೊಂದು ಬರುವ ಕಥೆಗಳು. ಒಂದೇ ದಿನ, ಒಂದೇ ಊರಲ್ಲಿ ಹತ್ತು ಎಳೆ ಹೆಣೆದ ಹಗುರ ಪ್ರೇಮಹಾಸ್ಯಕ್ಕೆ ನಮ್ಮಲ್ಲಿ ಇನ್ನೂ ಬೇಕಾದಷ್ಟು ಜಾಗ ಇದೆ.

ಅದಕ್ಕೆ ಫೆಬ್ರವರಿ 14 ಬೇಡ. ಆಯುಧಪೂಜೆಯ ಹಿಂದಿನ ದಿನ ತಗೊಳ್ಳಿ. ಹಬ್ಬಕ್ಕೆ ರಜೆ ಇರುವುದರಿಂದ ಬೆಂಗಳೂರಿನ ಎಷ್ಟೋ ಆಫೀಸ್‌ಗಳಲ್ಲಿ ಪೂಜೆ ಹಿಂದಿನ ದಿನವೇ. ಅಂದ್ರೆ ಎಲ್ಲರೂ ಕೆಲಸಕ್ಕೆ ಬಂದಿರುತ್ತಾರೆ, ಎಲ್ಲರೂ ಸೀರೆ, ಪಂಚೆಯಲ್ಲಿ ಇರುತ್ತಾರೆ, ಕಂಪ್ಯೂಟರ್‌ಗೂ ಕುಂಕುಮ ಬಿದ್ದಿರುತ್ತದೆ. ಕೆ.ಆರ್. ಮಾರ್ಕೆಟ್‌ನಲ್ಲಿ ಸೇವಂತಿಗೆಯ ಬೆಲೆ ಬೆಳಗಿನಿಂದ ಸಂಜೆಗೆ ಏರುತ್ತಾ ಹೋಗುತ್ತದೆ. ಗ್ಯಾರೇಜ್ ಹುಡುಗನಿಗೆ ಕತ್ತಲಾಗುವುದರೊಳಗೆ ಹತ್ತು ಗಾಡಿ ತೊಳೆದು ಕೊಡಬೇಕು. ಆಫೀಸ್ ಪೂಜೆ 11ಕ್ಕೆ, ಪುರೋಹಿತರಿಗೆ ಅದಾದ ಮೇಲೆ ಇನ್ನೂ ನಾಲ್ಕು ಕಡೆ ಹೋಗಬೇಕು. ಊರಿಗೆ ಹೋಗುವ ಹುಡುಗಿಯ ಬಸ್ ಮೆಜೆಸ್ಟಿಕ್‌ನಿಂದ ರಾತ್ರಿ ಹೊರಡುತ್ತದೆ, ಅವಳಿಗೆ ಹೇಳಬೇಕಾದ ಮಾತನ್ನ ಒಬ್ಬ ಇನ್ನೂ ಹೇಳಿಲ್ಲ. ಒಬ್ಬೊಬ್ಬರಿಗೂ ಬೇರೆ ಗಡಿಯಾರ. ಯಾರಾದರೂ ಇದನ್ನ ಬರೆಯಲಿ ಅಂತ ನನಗೆ ನಿಜವಾಗ್ಲೂ ಆಸೆ.